ಮರುಭೂಮಿಯ ಹಳ್ಳದಲ್ಲಿ ಸಿಕ್ಕ ಪುಟ್ಟ ಆಮೆ ಯಾವುದು?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು, ನಿವೃತ್ತ ಶಾಲಾ ಮೇಷ್ಟ್ರು. ಮಗಳು, ಅಳಿಯ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿದ್ದಾರೆ. ಮೊನ್ನೆ ಊರ ಪಕ್ಕದ ಸಬೀನೋ ಕಣಿವೆಗೆ ಹೋದಾಗ ಹಳ್ಳದ ಗುಂಡಿಯಲ್ಲಿ ಒಂದು ಪುಟ್ಟ ಆಮೆ ಸಿಕ್ಕಿತಂತೆ. ನಾಲ್ಕು ಫೋಟೋ ಕಳಿಸಿದ್ದಾಳೆ. ಉದ್ದ ಅವಳ ಅಂಗೈಗಿಂತ ಸ್ವಲ್ಪ ಕಡಿಮೆ. ಅಳಿಯ ಎತ್ತಿ ನೋಡಿ ಬಿಟ್ಟನಂತೆ, ಕೈಗೆ ಕೆಟ್ಟ ವಾಸನೆ ಹತ್ತಿತಂತೆ. ಸುತ್ತ ಬರೀ ಕಳ್ಳಿ ಗಿಡ. ಮರುಭೂಮಿಯಲ್ಲಿ ನೀರಿನ ಆಮೆ ಇರುತ್ತದೆಯೇ? ನೋಡಿದರೆ ನಮ್ಮ ತೋಟದ ಕೆರೆಯ ಕಪ್ಪು ಆಮೆ ಹಾಗೇ ಇದೆ. ಯಾರಾದರೂ ಸಾಕಿ ಬಿಟ್ಟಿದ್ದಾ? ಮೊಮ್ಮಗ ಮನೆಗೆ ತರೋಣ ಅಂತ ಹಠ ಹಿಡಿದಿದ್ದಾನೆ. ತರಬಹುದಾ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅದು ಸೊನೋರಾ ಮಡ್ ಟರ್ಟಲ್. ಸೊನೋರಾ ಕೆಸರಾಮೆ ಅಂತ ಕರೆಯೋಣ. ವೈಜ್ಞಾನಿಕ ಹೆಸರು ಕೈನೋಸ್ಟರ್ನಾನ್ ಸೊನೋರಿಯೆನ್ಸೆ. ಯಾರೂ ಸಾಕಿ ಬಿಟ್ಟಿದ್ದಲ್ಲ, ಆ ನೆಲದ್ದೇ. ನಮ್ಮ ಕಪ್ಪು ಆಮೆಯ ಕುಟುಂಬವೇ ಬೇರೆ, ಇದರ ಕುಟುಂಬವೇ ಬೇರೆ. ಮನೆಗೆ ತರುವುದು ಬೇಡವೇ ಬೇಡ, ಅದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ.

ನಿಮಗೆ ನಮ್ಮ ಕಪ್ಪು ಆಮೆ ನೆನಪಾಗಿದ್ದು ಸಹಜ. ಆ ಮೊದಲ ಫೋಟೋ ಮೇಲಿನಿಂದ ತೆಗೆದದ್ದು. ಮೇಲಿನಿಂದ ನೋಡಿದರೆ ಎರಡೂ ಕಂದು, ಎರಡೂ ಮೊಟ್ಟೆಯಾಕಾರ, ಎರಡಕ್ಕೂ ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ಕಪ್ಪು ಆಮೆಗೆ ಆ ಮೂರು ಏಣು ಖಾಯಂ ಗುರುತು. ಸೊನೋರಾ ಕೆಸರಾಮೆಗೂ ಮೂರು ಏಣು ಇರುತ್ತವೆ, ಚಿಕ್ಕ ವಯಸ್ಸಿನಲ್ಲಿ ಚೆನ್ನಾಗಿ ಕಾಣುತ್ತವೆ, ದೊಡ್ಡದಾಗುತ್ತಾ ಸವೆದು ಮಾಸಿಹೋಗುತ್ತವೆ. ಹಾಗಾಗಿ ಬೆನ್ನು ನೋಡಿ ಆಮೆ ಗುರುತಿಸಲು ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ. ಬಣ್ಣವನ್ನಂತೂ ನಂಬಲೇಬೇಡಿ. ಪಾಚಿ ಕಟ್ಟಿದ್ದರೆ ಹಸಿರು, ಕೆಸರು ಮೆತ್ತಿದ್ದರೆ ಬೂದು, ಒದ್ದೆಯಾಗಿದ್ದರೆ ಕಪ್ಪು, ಒಣಗಿದರೆ ಕಂದು. ಒಂದೇ ಆಮೆ ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು ಬಣ್ಣ ಕಾಣುತ್ತದೆ.

ಆಮೆಯ ಜಾತಿ ಗೊತ್ತಾಗುವುದು ನಾಲ್ಕು ಕಡೆ. ಚಿಪ್ಪಿನ ಅಂಚು, ಗಂಟಲು, ಹೊಟ್ಟೆ, ಮತ್ತೆ ಅದು ಇದ್ದ ನೀರು. ಈ ನಾಲ್ಕನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನಿಮ್ಮ ಮಗಳು ಗುಂಡಿಯದ್ದೂ ಒಂದು ಫೋಟೋ ತೆಗೆದಿದ್ದಾಳಲ್ಲ, ಅದಕ್ಕೆ ಅವಳಿಗೆ ಶಹಬ್ಬಾಸ್ ಹೇಳಿ.

ಅಂಚಿನಿಂದ ಶುರು ಮಾಡೋಣ. ಆಮೆಯ ಬೆನ್ನ ಚಿಪ್ಪಿನ ಸುತ್ತ ಸಣ್ಣ ಸಣ್ಣ ಬಿಲ್ಲೆಗಳ ಸಾಲು ಇರುತ್ತದೆ ನೋಡಿ. ಕುತ್ತಿಗೆಯ ಮೇಲೆ ನಟ್ಟನಡುವೆ ಒಂದು ಪುಟಾಣಿ ಬಿಲ್ಲೆ. ಅದನ್ನು ಬಿಟ್ಟು ಒಂದು ಪಕ್ಕದ ಬಿಲ್ಲೆಗಳನ್ನು ಬಾಲದವರೆಗೆ ಎಣಿಸಿ. ನಮ್ಮ ಕಪ್ಪು ಆಮೆಯಲ್ಲಿ ಒಂದು ಪಕ್ಕಕ್ಕೆ 12 ಬರುತ್ತವೆ. ಪೇಟೆಯ ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕೆಂಪು ಕಿವಿಯ ಸ್ಲೈಡರ್ ಆಮೆಗೂ 12. ಕೆಸರಾಮೆಗಳಿಗೆ ಮಾತ್ರ 11. ನಿಮ್ಮ ಮೊದಲ ಫೋಟೋ ದೊಡ್ಡದು ಮಾಡಿ ಬಲಪಕ್ಕ ಎಣಿಸಿದೆ, ಸರಿಯಾಗಿ 11 ಇದೆ. ಇಷ್ಟಕ್ಕೇ ನಮ್ಮ ಕಪ್ಪು ಆಮೆ ಪಟ್ಟಿಯಿಂದ ಹೊರಗೆ ಹೋಯಿತು. ಅಂಗಡಿಯ ಆಮೆಯೂ ಹೋಯಿತು. ನೀವೂ ಒಂದು ಸಲ ಎಣಿಸಿ ನೋಡಿ ಮೇಷ್ಟ್ರೇ, ಮೊಮ್ಮಗನ ಹತ್ತಿರ ವಿಡಿಯೋ ಕಾಲ್‌ನಲ್ಲಿ ಎಣಿಸಿದರೆ ಇನ್ನೂ ಚೆನ್ನ.

ಈಗ ಹೊಟ್ಟೆ. ಅಳಿಯ ಎತ್ತಿ ಹಿಡಿದ ಫೋಟೋದಲ್ಲಿ ಹೊಟ್ಟೆ ಚಿಪ್ಪು ಹಳದಿ, ಬಿಲ್ಲೆಗಳು ಸೇರುವ ಕಡೆ ಕಂದು ಗೆರೆ. ನಮ್ಮ ಕಪ್ಪು ಆಮೆಯ ಹೊಟ್ಟೆ ಕಡುಗಪ್ಪು, ಅಂಚಿಗೆ ಮಾತ್ರ ಹಳದಿ. ಆದರೆ ಬಣ್ಣ ನಂಬಬೇಡಿ ಅಂತ ಈಗಷ್ಟೇ ಹೇಳಿದ್ದೇನಲ್ಲ, ಹಾಗಾಗಿ ಅದನ್ನು ಬಿಡಿ. ಅಡ್ಡಕ್ಕೆ ಎರಡು ಗೆರೆ ಸ್ವಲ್ಪ ಆಳವಾಗಿ ಕಾಣುತ್ತಿವೆ ನೋಡಿ, ಒಂದು ಮುಂದೆ, ಒಂದು ಹಿಂದೆ. ಅವು ಬರೀ ಗೆರೆಗಳಲ್ಲ, ಕೀಲುಗಳು. ಹೆದರಿದಾಗ ಕೆಸರಾಮೆ ತಲೆ ಕಾಲು ಒಳಗೆ ಎಳೆದುಕೊಂಡು ಹೊಟ್ಟೆ ಚಿಪ್ಪಿನ ಮುಂಭಾಗವನ್ನೂ ಹಿಂಭಾಗವನ್ನೂ ಕವಳದ ಡಬ್ಬಿ ಮುಚ್ಚಳದ ಹಾಗೆ ಮೇಲಕ್ಕೆ ಎತ್ತಿಕೊಳ್ಳುತ್ತದೆ. ನಮ್ಮ ಕಪ್ಪು ಆಮೆಯ ಹೊಟ್ಟೆಗೆ ಕೀಲೇ ಇಲ್ಲ. ನಮ್ಮ ಕೆರೆಗಳಲ್ಲಿ ಇನ್ನೊಂದು ಇದೆಯಲ್ಲ, ಮೆತ್ತನೆ ಚಿಪ್ಪಿನದ್ದು, ಅದು ಹಿಂಗಾಲು ಒಳಗೆಳೆದ ಮೇಲೆ ಎರಡು ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುತ್ತದೆ. ಕೆಲಸ ಒಂದೇ, ದಾರಿ ಮಾತ್ರ ಬೇರೆ ಬೇರೆ.

ವಾಸನೆ ವಿಷಯ ಬರೆದಿದ್ದೀರಲ್ಲ, ಅದೂ ಒಳ್ಳೆಯ ಸುಳಿವು. ಕೆಸರಾಮೆಗಳಿಗೆ ಚಿಪ್ಪಿನ ಅಂಚಿನ ಕೆಳಗೆ ಗ್ರಂಥಿಗಳಿವೆ. ಹಿಡಿದರೆ ಸಾಕು, ನಾತ ಬರುವ ದ್ರವ ಬಿಡುತ್ತವೆ. ಅಳಿಯನ ಕೈ ವಾಸನೆ ಹೊಡೆದಿದ್ದು ಅದಕ್ಕೇ.

ಇಲ್ಲಿಗೆ ಕುಟುಂಬ ಯಾವುದು ಅಂತ ಗೊತ್ತಾಯಿತು. ಆದರೆ ಅರಿಜೋನಾದಲ್ಲಿ ಕೆಸರಾಮೆಗಳು ಒಂದೇ ಜಾತಿಯಲ್ಲ, ಮೂರು ಇವೆ. ನಿಜವಾದ ಕಷ್ಟ ಶುರುವಾಗುವುದು ಇಲ್ಲಿ. ಸೊನೋರಾ ಕೆಸರಾಮೆ, ಹಳದಿ ಕೆಸರಾಮೆ, ಅರಿಜೋನಾ ಕೆಸರಾಮೆ. ಮೂರೂ ಚಿಕ್ಕವು. ಸೊನೋರಾದ್ದು ದೊಡ್ಡದಾದರೆ 17 ಸೆಂಟಿಮೀಟರ್ ಆಸುಪಾಸಿಗೆ ಬರುತ್ತದೆ, ಉಳಿದವೂ ಅದೇ ಅಳತೆಯ ಹತ್ತಿರ ಹತ್ತಿರ. ಮೂರಕ್ಕೂ ಕೀಲು ಇದೆ, ಮೂರಕ್ಕೂ ಅಂಚಿನಲ್ಲಿ 11.

ಇವುಗಳಲ್ಲಿ ವ್ಯತ್ಯಾಸ ಹುಡುಕುವುದಕ್ಕೆ ಮತ್ತೆ ಅಂಚಿಗೇ ಬರಬೇಕು. ಈ ಸಲ ಎಣಿಸಿದರೆ ಸಾಲದು, ಎತ್ತರ ನೋಡಬೇಕು. ಪಕ್ಕದಿಂದ ತೆಗೆದ ಫೋಟೋ ತೆಗೆದುಕೊಂಡು ಮುಂದಿನಿಂದ ಎಣಿಸುತ್ತಾ ಒಂಬತ್ತನೇ ಬಿಲ್ಲೆಗೆ ಬನ್ನಿ. ಹಳದಿ ಕೆಸರಾಮೆಯಲ್ಲೂ ಅರಿಜೋನಾ ಕೆಸರಾಮೆಯಲ್ಲೂ ಈ ಒಂಬತ್ತನೆಯದು ಎಂಟನೆಯದಕ್ಕಿಂತ ಎದ್ದು ಮೇಲಕ್ಕೆ ಚಾಚಿರುತ್ತದೆ, ಒಂದು ಸಲ ನೋಡಿದರೆ ಮರೆಯುವುದಿಲ್ಲ. ಸೊನೋರಾದಲ್ಲಿ ಒಂಬತ್ತನೆಯದು ಎಂಟನೆಯದರ ಮಟ್ಟಕ್ಕೇ ಇರುತ್ತದೆ, ಹತ್ತನೆಯದು ಮಾತ್ರ ಎತ್ತರ. ನಿಮ್ಮ ಎರಡನೇ ಫೋಟೋದಲ್ಲಿ ಹತ್ತನೆಯದೇ ಎತ್ತರ ಇದೆ. ಒಂದು ಎಚ್ಚರಿಕೆ, ತೀರಾ ಸಣ್ಣ ಮರಿಗಳಲ್ಲಿ ಈ ಗುರುತು ಸರಿಯಾಗಿ ಮೂಡಿರುವುದಿಲ್ಲ. ಇದು ಮರಿಯಲ್ಲ, ಹಾಗಾಗಿ ತೊಂದರೆ ಇಲ್ಲ.

ಆಮೇಲೆ ತಲೆ ಮತ್ತು ಗಂಟಲು. ಹಳದಿ ಕೆಸರಾಮೆಯ ತಲೆ ಮೇಲೆ ಬೂದು ಅಥವಾ ಆಲಿವ್ ಬಣ್ಣ, ಗಂಟಲು ಹಳದಿ, ಹೆಚ್ಚು ಚಿತ್ತಾರ ಇಲ್ಲದ ಸರಳ ಮುಖ. ಅರಿಜೋನಾದ್ದೂ ಸುಮಾರು ಹಾಗೇ. ಸೊನೋರಾದ ತಲೆ ನೋಡಿ, ಬೂದು ಚರ್ಮದ ಮೇಲೆ ಕೆನೆ ಬಣ್ಣದ ಮಚ್ಚೆ, ಬಲೆ ಹೆಣೆದ ಹಾಗೆ ಗೆರೆಗಳು, ಕಣ್ಣಿನ ಹಿಂದೆ ಕುತ್ತಿಗೆಯವರೆಗೆ ಓಡುವ ಮಾಸಲು ಪಟ್ಟೆ. ಗದ್ದದ ಕೆಳಗೆ ಮಾಂಸದ ಸಣ್ಣ ತೊಟ್ಟುಗಳು ಜೋಲುತ್ತಿರುತ್ತವೆ. ಈ ತೊಟ್ಟು ಉಳಿದ ಎರಡಕ್ಕೂ ಇವೆ, ಆದರೆ ಸೊನೋರಾದವು ಉದ್ದ, ಸುಲಭವಾಗಿ ಕಾಣುತ್ತವೆ. ನಿಮ್ಮ ಫೋಟೋದಲ್ಲಿ ಆಮೆ ಕತ್ತು ಚಾಚಿದೆ, ಪುಣ್ಯಕ್ಕೆ ಬೆಳಕೂ ಸರಿಯಾದ ಕಡೆಯಿಂದ ಬಿದ್ದಿದೆ, ಮಚ್ಚೆಗಳೂ ಕಾಣುತ್ತವೆ, ತೊಟ್ಟುಗಳೂ ಕಾಣುತ್ತವೆ. ಇಷ್ಟು ಸ್ಪಷ್ಟವಾದ ಫೋಟೋ ನನಗೆ ಬರುವುದೇ ಅಪರೂಪ. ಬಾಲ ಮೋಟು, ಹೊಟ್ಟೆ ಚಪ್ಪಟೆ, ಹಾಗಾಗಿ ಹೆಣ್ಣು ಇರಬೇಕು. ಗಂಡಿಗೆ ಹೊಟ್ಟೆ ಸ್ವಲ್ಪ ಒಳಗೆ ತಗ್ಗಿರುತ್ತದೆ, ಬಾಲ ದಪ್ಪ, ಉದ್ದ.

ಇನ್ನು ನೀರು. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಮರುಭೂಮಿಯಲ್ಲಿ ನೀರಾಮೆ ಹೇಗೆ ಅಂತ. ಆಗುಂಬೆಯಲ್ಲಿ ಸರಾಸರಿ ಲೆಕ್ಕಕ್ಕೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಟೂಸಾನ್‌ನಲ್ಲಿ 300 ಮಿಲಿಮೀಟರ್ ಒಳಗೆ. ಅಷ್ಟರಲ್ಲಿ ಒಂದು ಪಾಲು ಚಳಿಗಾಲಕ್ಕೆ, ದೊಡ್ಡ ಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಗುಡುಗು ಮಳೆಗೆ. ಅಲ್ಲಿನವರೂ ಅದಕ್ಕೆ ಮಾನ್ಸೂನ್ ಅಂತಲೇ ಹೇಳುತ್ತಾರೆ. ಆದರೆ ಮರುಭೂಮಿ ಅಂದರೆ ಬರೀ ಮರಳ ದಿಬ್ಬ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಸೊನೋರಾ ಮರುಭೂಮಿಯಲ್ಲಿ ಕಳ್ಳಿ ಕಾಡಿದೆ, ಬೆಟ್ಟ ಇದೆ. ಟೂಸಾನ್ ಪಕ್ಕದ ಸಾಂಟಾ ಕಾಟಲೀನಾ ಬೆಟ್ಟಸಾಲಿನ ಮೌಂಟ್ ಲೆಮನ್ 2,791 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಮೇಲೆ. ತುದಿಯಲ್ಲಿ ಪೈನ್ ಕಾಡು, ಚಳಿಗಾಲದಲ್ಲಿ ಹಿಮ. ಆ ಹಿಮ ಕರಗಿ, ಆ ಮಳೆ ಇಳಿದು ಬರುವ ಹಳ್ಳವೇ ಸಬೀನೋ. ಬೇಸಿಗೆಯಲ್ಲಿ ಹರಿವು ನಿಲ್ಲುತ್ತದೆ, ಬಂಡೆ ಸಂದಿಯ ಆಳದ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ನಿಮ್ಮ ಮಗಳು ನಿಂತಿದ್ದು ಅಂಥ ಒಂದು ಗುಂಡಿ ಪಕ್ಕದಲ್ಲಿ.

ಈ ಮೂರು ಜಾತಿಗಳು ನೀರನ್ನು ಹಂಚಿಕೊಂಡ ರೀತಿಯೇ ಬಹಳ ಚೆಂದ. ಸೊನೋರಾ ಕೆಸರಾಮೆಗೆ ಬೇಕಾಗಿದ್ದು ಬುಗ್ಗೆ, ಹಳ್ಳ, ವರ್ಷವಿಡೀ ಒಂದಿಷ್ಟಾದರೂ ನೀರು ಉಳಿಯುವ ಗುಂಡಿ. ಅರಿಜೋನಾ ಕೆಸರಾಮೆಯ ಬದುಕು ಅದಕ್ಕೆ ಪೂರ್ತಿ ಉಲ್ಟಾ. ಅದು ತಗ್ಗಿನ ಬಿಸಿ ಬಯಲುಗಳಲ್ಲಿ, ಮಳೆ ಬಂದಾಗ ಮಾತ್ರ ತುಂಬುವ ಹೊಂಡಗಳಲ್ಲಿ, ದನಕ್ಕೆ ನೀರು ಕುಡಿಸಲು ತೋಡಿದ ಗುಂಡಿಗಳಲ್ಲಿ ಇರುತ್ತದೆ. ವರ್ಷದ ಬಹುಪಾಲು ನೆಲದೊಳಗೆ ಹೂತುಕೊಂಡು ಮಲಗಿರುತ್ತದೆ. ಮಾನ್ಸೂನ್‌ನ ಮೊದಲ ಜಡಿಮಳೆ ಬಿದ್ದಾಗ ಎದ್ದು ಬರುತ್ತದೆ, ಹೊಂಡದಲ್ಲಿ ನೀರಿರುವ ಕೆಲವೇ ವಾರಗಳಲ್ಲಿ ತಿಂದು, ಕೂಡಿ, ಮತ್ತೆ ಮಣ್ಣು ಸೇರುತ್ತದೆ. ಇನ್ನೊಂದು ವಿಶೇಷ ಇದೆ. ಈ ಜಾತಿಗೆ ವಿಜ್ಞಾನದಲ್ಲಿ ಹೆಸರು ಬಿದ್ದಿದ್ದು 1920ರ ದಶಕದಲ್ಲಿ, ಅದೂ ಕಲ್ಲಾಗಿಹೋದ ಪಳೆಯುಳಿಕೆ ನೋಡಿ. ಬದುಕಿರುವ ಆಮೆಗಳೂ ಅದೇ ಜಾತಿಯವು ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಹಳದಿ ಕೆಸರಾಮೆ ಮುಖ್ಯವಾಗಿ ಟೆಕ್ಸಾಸ್‌ನಿಂದ ನೆಬ್ರಾಸ್ಕಾವರೆಗಿನ ಹುಲ್ಲು ಬಯಲಿನ ಪ್ರಾಣಿ, ಅರಿಜೋನಾದ ಆಗ್ನೇಯ ಮೂಲೆಗೆ ಮಾತ್ರ ಬಂದು ನಿಲ್ಲುತ್ತದೆ.

ಈಗ ನೋಡಿ, ಬೆಟ್ಟದ ಕಣಿವೆಯ ಬಂಡೆಗುಂಡಿಯಲ್ಲಿ ಸಿಕ್ಕಿದೆ ಅಂದ ಕೂಡಲೇ ಮೂರರಲ್ಲಿ ಎರಡರ ಸಾಧ್ಯತೆ ಬಹಳ ಕಡಿಮೆಯಾಯಿತು, ಅಲ್ವಾ? ಬಿಲ್ಲೆ, ತೊಟ್ಟು ಎಲ್ಲ ಅದನ್ನು ಖಚಿತ ಮಾಡಿಕೊಳ್ಳಲು. ಅದಕ್ಕೇ ನಾನು ಯಾರೇ ಆಮೆ ಫೋಟೋ ಕಳಿಸಿದರೂ ಮೊದಲು ಕೇಳುವುದು ಎಲ್ಲಿ, ಯಾವ ತಿಂಗಳು, ಎಂಥ ನೀರು ಅಂತ. ನಮ್ಮ ಕಡೆಯೂ ಅಷ್ಟೇ. ಕೆರೆಯಲ್ಲಿ ಕಂಡಿದ್ದಾ, ತುಂಗಾ ಹೊಳೆಯ ಮಡುವಿನಲ್ಲಾ, ಕಾಡಿನ ಒಣ ಎಲೆ ಮಧ್ಯೆಯಾ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಸುಮಾರು 13 ಸೆಂಟಿಮೀಟರ್‌ನ ಒಂದು ಪುಟ್ಟ ಆಮೆ ಇದೆ. ನಿಮ್ಮ ಮಗಳು ಕಂಡದ್ದರಷ್ಟೇ ಗಾತ್ರ. 1912ರಲ್ಲಿ ಅದಕ್ಕೆ ಹೆಸರಿಟ್ಟ ಮೇಲೆ ಎಪ್ಪತ್ತು ವರ್ಷ ಅದರ ಸುದ್ದಿಯೇ ಇರಲಿಲ್ಲ. 1982ರಲ್ಲಿ ಜೆ. ವಿಜಯಾ ಕೇರಳದ ಕಾಡಿನಲ್ಲಿ ಮತ್ತೆ ಹುಡುಕಿದರು. 2006ರಲ್ಲಿ ಅದರ ಕುಲಕ್ಕೆ ವಿಜಯಾಚೆಲಿಸ್ ಅಂತ ಅವರದ್ದೇ ಹೆಸರು ಇಟ್ಟರು. ಅದು ನೀರಾಮೆಗಳ ಕುಟುಂಬದ್ದೇ, ಆದರೆ ಬದುಕುವುದು ಕಾಡಿನ ನೆಲದ ಮೇಲೆ. ಅಂಥದ್ದನ್ನು ಕೆರೆಯಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ಯಾರೋ ಸಾಕಿ ಬಿಟ್ಟಿದ್ದಾ ಅಂತ ಕೇಳಿದ್ದೀರಿ. ಇದಕ್ಕೆ ಗಟ್ಟಿ ಉತ್ತರ ಇದೆ. ಈ ಜಾತಿಯನ್ನು ಮೊದಲು ವಿವರಿಸಿದ್ದು ಜಾನ್ ಲೆಕಾಂಟ್ ಅನ್ನುವವರು, 1854ರಲ್ಲಿ. ಅವರು ವಿವರಿಸಿದ ಆಮೆ ಸಿಕ್ಕಿದ್ದೇ ಟೂಸಾನ್‌ನಲ್ಲಿ! ಆಗ ಟೂಸಾನ್ ಮೆಕ್ಸಿಕೋದ ಸೊನೋರಾ ಪ್ರಾಂತ್ಯದ ಊರು, ಅಮೆರಿಕ ಆ ಭೂಮಿಯನ್ನು ಕೊಂಡುಕೊಂಡಿದ್ದು ಅದೇ ಹೊತ್ತಿಗೆ. ಅಂದರೆ ನಿಮ್ಮ ಅಳಿಯನ ಕೈಗೆ ಬಂದ ಆಮೆಯ ವಂಶ ಆ ಊರು ಅಮೆರಿಕಕ್ಕೆ ಸೇರುವ ಮುಂಚಿನಿಂದಲೂ ಅಲ್ಲಿದೆ. ಇವತ್ತು ಈ ಜಾತಿ ಅರಿಜೋನಾ, ನ್ಯೂ ಮೆಕ್ಸಿಕೋದ ನೈರುತ್ಯ ಭಾಗ, ಗಡಿಯಾಚೆ ಸೊನೋರಾ ಮತ್ತು ಚಿವಾವಾದಲ್ಲಿ ಇದೆ. ಕ್ಯಾಲಿಫೋರ್ನಿಯಾ ಅಂಚಿನ ಕೊಲೊರಾಡೋ ನದಿಯಲ್ಲೂ ಇತ್ತು, ಅಲ್ಲಿ ಈಗ ಉಳಿದಿಲ್ಲ ಅಂತಲೇ ತಿಳಿದವರು ಹೇಳುತ್ತಾರೆ.

ಸಾಕಿ ಬಿಟ್ಟ ಆಮೆಗಳ ಕಾಟ ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆ ಕೆಂಪು ಕಿವಿಯ ಸ್ಲೈಡರ್ ಅರಿಜೋನಾದ ಪಾರ್ಕು ಕೊಳಗಳಲ್ಲೂ ಸೇರಿಕೊಂಡಿದೆ. ರಾಜ್ಯದ ಮಧ್ಯಭಾಗದಲ್ಲಿ ಮಾಂಟೆಜುಮಾ ವೆಲ್ ಅನ್ನುವ ಜಾಗ ಇದೆ, ಸುಣ್ಣಕಲ್ಲು ಕುಸಿದು ಆದ ದೊಡ್ಡ ಬಾವಿಯಂಥ ಕೊಳ. ನೀರಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಎಷ್ಟು ಜಾಸ್ತಿ ಅಂದರೆ ಮೀನು ಬದುಕುವುದಿಲ್ಲ, ಆದರೆ ಸೊನೋರಾ ಕೆಸರಾಮೆ ಬದುಕುತ್ತದೆ, ಗಾಳಿ ಮೇಲೆ ಬಂದು ತೆಗೆದುಕೊಳ್ಳುವ ಪ್ರಾಣಿ ತಾನೇ. ಅಂಥ ಕೊಳಕ್ಕೂ ಜನ ಸ್ಲೈಡರ್ ತಂದು ಬಿಟ್ಟಿದ್ದರು. ಸಂಶೋಧಕರು ಬಲೆ ಹಾಕಿ ಅವನ್ನು ಹಿಡಿದು ಹೊರಗೆ ಸಾಗಿಸಬೇಕಾಯಿತು. ಸ್ಲೈಡರ್‌ಗೆ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತದೆ, ವಯಸ್ಸಾದ ಗಂಡುಗಳಲ್ಲಿ ಅದು ಮಾಸಿಹೋಗುವುದುಂಟು. ಆಗ ಎಣಿಸಬೇಕಾದ್ದು ಅಂಚಿನ ಬಿಲ್ಲೆಗಳನ್ನೇ.

ನೆಲದ ಮೇಲೆ ಓಡಾಡುವ ದೊಡ್ಡ ಆಮೆಯೂ ಆ ಮರುಭೂಮಿಯಲ್ಲಿದೆ, ಸೊನೋರಾ ಮರುಭೂಮಿಯ ನೆಲದಾಮೆ. ಅದರ ಚಿಪ್ಪು ಗುಮ್ಮಟದ ಹಾಗೆ ಎತ್ತರ, ಕಾಲು ದಪ್ಪ ಕಂಬ, ಬೆರಳ ನಡುವೆ ಜಾಲ ಇಲ್ಲ. ಗೊಂದಲಕ್ಕೆ ಅವಕಾಶವೇ ಇಲ್ಲ. ಆದರೂ ಮಗಳಿಗೆ ಒಂದು ಮಾತು ಹೇಳಿ, ಅದು ದಾರಿಯಲ್ಲಿ ಕಂಡರೆ ದಯವಿಟ್ಟು ಎತ್ತಬೇಡಿ. ಮಳೆಯಲ್ಲಿ ಕುಡಿದ ನೀರನ್ನು ಅದು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಉಳಿಸಿಕೊಂಡಿರುತ್ತದೆ. ಹೆದರಿಸಿ ಎತ್ತಿದರೆ ಅಷ್ಟೂ ನೀರು ಹೊರಗೆ ಚೆಲ್ಲುತ್ತದೆ, ಮುಂದಿನ ಮಳೆವರೆಗೆ ಬದುಕುವುದು ಕಷ್ಟ.

ನಿಮ್ಮ ಆಮೆಯ ಬದುಕಿಗೆ ವಾಪಸ್ ಬರೋಣ. ಹುಳ, ಬಸವನಹುಳು, ಸಣ್ಣ ಮೀನು, ಸತ್ತ ಪ್ರಾಣಿ, ಒಂದಿಷ್ಟು ಪಾಚಿ, ಸಿಕ್ಕಿದ್ದನ್ನು ತಿನ್ನುತ್ತದೆ. ಗುಂಡಿ ಪೂರ್ತಿ ಬತ್ತಿದರೆ ಏನು ಮಾಡುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ನ್ಯೂ ಮೆಕ್ಸಿಕೋ ಗಡಿಯ ಪೆಲೊನ್ಸಿಯೋ ಬೆಟ್ಟಗಳಲ್ಲಿ ಸಂಶೋಧಕರು ಈ ಆಮೆಗಳ ಚಿಪ್ಪಿಗೆ ಪುಟ್ಟ ರೇಡಿಯೋ ಕಟ್ಟಿ ಹಿಂಬಾಲಿಸಿದರು. ಹಳ್ಳ ಒಣಗಿದಾಗ ಅವು ನೀರು ಬಿಟ್ಟು ದಡ ಹತ್ತಿ ನೆಲದ ಮೇಲೆ ಮರೆ ಹುಡುಕಿ ಅಲ್ಲಾಡದೆ ಮಲಗಿಬಿಟ್ಟಿದ್ದವು, ಮಳೆ ಬರುವವರೆಗೆ. ನೀರಿನ ಪ್ರಾಣಿ ಅಂತ ಎಲ್ಲರೂ ತಿಳಿದಿದ್ದದ್ದು ಒಣ ನೆಲದಲ್ಲಿ ಕಾಯುತ್ತಾ ಕೂತಿತ್ತು! ನಮ್ಮ ಮೆತ್ತನೆ ಚಿಪ್ಪಿನ ಆಮೆಯೂ ಬೇಸಿಗೆಯಲ್ಲಿ ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಳ್ಳುತ್ತದೆ. ಕೆರೆ ಹೂಳೆತ್ತುವಾಗ ಜೆಸಿಬಿ ಬಾಯಿಗೆ ಸಿಕ್ಕಿ ಸಾಯುವುದು ಹಾಗೇ. ನಿಮ್ಮ ಊರಲ್ಲಿ ಹೂಳೆತ್ತುವ ಕೆಲಸ ಬಂದರೆ ಮುಂಚೆಯೇ ಒಂದು ಮಾತು ಹೇಳಿಡಿ.

ಮೊಟ್ಟೆಯ ವಿಷಯ ಇನ್ನೂ ಅಚ್ಚರಿ. ಬೇಸಿಗೆಯಲ್ಲಿ ಮಣ್ಣಿನಲ್ಲಿಟ್ಟ ಮೊಟ್ಟೆಯೊಳಗೆ ಭ್ರೂಣ ಬೆಳೆಯುವುದನ್ನು ನಿಲ್ಲಿಸಿ ಕಾಯುತ್ತದೆ. ಚಳಿಗಾಲ ಕಳೆಯುತ್ತದೆ, ಒಣ ಬೇಸಿಗೆಯೂ ಕಳೆಯುತ್ತದೆ. ಮರಿ ಹೊರಗೆ ಬರುವುದು ಮುಂದಿನ ವರ್ಷದ ಮಾನ್ಸೂನ್ ಹೊತ್ತಿಗೆ. ಒಂದು ಕಾಸಿನಗಲದ ಮರಿ ಒಣ ಹಳ್ಳಕ್ಕೆ ಬಿದ್ದರೆ ಒಂದು ದಿನವೂ ಉಳಿಯುವುದಿಲ್ಲ ನೋಡಿ, ಅದಕ್ಕೆ ಈ ಕಾಯುವಿಕೆ.

ಇಷ್ಟೆಲ್ಲ ಗಟ್ಟಿಯಾಗಿರುವ ಪ್ರಾಣಿಗೂ ಈಗ ಕಷ್ಟ ಬಂದಿದೆ. ಬರಗಾಲ ತಡೆಯುವುದು ಅದಕ್ಕೆ ಗೊತ್ತು, ನೀರೇ ಮಾಯವಾದರೆ ಮಾತ್ರ ದಾರಿ ಇಲ್ಲ. ಟೂಸಾನ್ ಊರ ನಡುವಿನ ಸಾಂಟಾ ಕ್ರೂಸ್ ನದಿಯಲ್ಲಿ ಹಿಂದೆ ವರ್ಷವಿಡೀ ನೀರಿರುವ ಜಾಗಗಳಿದ್ದವು. ಅಂತರ್ಜಲ ಎತ್ತಿ ಎತ್ತಿ ಕಳೆದ ಶತಮಾನದ ನಡುವೆ ನದಿ ಒಣಗಿತು. 2019ರಲ್ಲಿ ಶುದ್ಧೀಕರಿಸಿದ ನೀರು ಬಿಡಲು ಶುರು ಮಾಡಿದ ಮೇಲೆ ಊರ ನಡುವೆ ಒಂದಿಷ್ಟು ದೂರ ಮತ್ತೆ ಹರಿಯುತ್ತಿದೆ. ಇನ್ನೊಂದು ಕಡೆ ಹೊರಗಿನಿಂದ ತಂದು ಬಿಟ್ಟ ಬುಲ್‌ಫ್ರಾಗ್ ಕಪ್ಪೆ, ಕ್ರೇಫಿಶ್ ಸಿಗಡಿ. ಅರಿಜೋನಾದಲ್ಲಿ ಮೂಲತಃ ಒಂದೇ ಒಂದು ಕ್ರೇಫಿಶ್ ಜಾತಿಯೂ ಇರಲಿಲ್ಲ. ಈಗ ಅವು ಹಳ್ಳ ತುಂಬಿಕೊಂಡು ಆಮೆ ಮರಿಗಳನ್ನು ತಿನ್ನುತ್ತವೆ. ಮೂರನೆಯದು ಬೆಂಕಿ. 2020ರ ಜೂನ್‌ನಲ್ಲಿ ಸಾಂಟಾ ಕಾಟಲೀನಾ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಕಾಡ್ಗಿಚ್ಚು ಒಂದು ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಅಂಥ ಬೆಂಕಿಯ ಮೇಲೆ ಮಳೆ ಬಿದ್ದರೆ ಬೂದಿ, ಮಣ್ಣು, ಕಲ್ಲು ಎಲ್ಲ ಹಳ್ಳಕ್ಕೆ ಇಳಿದು ಗುಂಡಿಗಳೇ ಮುಚ್ಚಿಹೋಗುತ್ತವೆ.

ಇದೇ ಜಾತಿಯ ಒಂದು ಉಪಜಾತಿ ಇನ್ನೂ ಸಂಕಟದಲ್ಲಿದೆ, ಸೊನೋಯ್ಟಾ ಕೆಸರಾಮೆ. ಇಡೀ ಅಮೆರಿಕದಲ್ಲಿ ಅದಕ್ಕೆ ಇರುವುದು ಒಂದೇ ಜಾಗ, ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಕೀಟೋಬಾಕೀಟೋ ಅನ್ನುವ ಬುಗ್ಗೆ ಮತ್ತು ಅದರ ಕೊಳ. ಕೊಳದ ವಿಸ್ತಾರ ಸುಮಾರು ಅರ್ಧ ಎಕರೆ, ನಮ್ಮ ಲೆಕ್ಕದಲ್ಲಿ 20 ಗುಂಟೆ. ಗಡಿಯಾಚೆ ಸೊನೋಯ್ಟಾ ನದಿಯ ಕಡೆ ಇನ್ನೊಂದಿಷ್ಟು ಇವೆ. 2017ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 2020ರಲ್ಲಿ ಆ ಕೊಳದ ನೀರು ಎಷ್ಟು ಇಳಿಯಿತೆಂದರೆ ತಳದ ಕೆಸರು ಕಾಣಿಸಿತು. 20 ಗುಂಟೆ ನೀರು ಹೋದರೆ ಒಂದು ಇಡೀ ದೇಶದಲ್ಲಿ ಆ ಆಮೆ ಇಲ್ಲ. ಮಳೆಗಾಲದಲ್ಲಿ ಅಂಗಳದಲ್ಲೇ ಒರತೆ ಏಳುವ ಊರಲ್ಲಿ ಬೆಳೆದ ನಮಗೆ ಇದು ತಲೆಗೆ ಹೋಗುವುದು ಸ್ವಲ್ಪ ಕಷ್ಟ. ನನಗಂತೂ ಆ ಕೊಳದ ಬಗ್ಗೆ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಮಗಳು ಕಂಡದ್ದು ಈ ಉಪಜಾತಿಯಲ್ಲ, ಟೂಸಾನ್ ಕಡೆಯದ್ದು ಸಾಮಾನ್ಯ ಸೊನೋರಾ.

ಇನ್ನು ಮೊಮ್ಮಗನ ಹಠ. ಬೇಡ ಮೇಷ್ಟ್ರೇ. ಈ ಆಮೆಗಳು ನಿಧಾನಕ್ಕೆ ಬೆಳೆಯುತ್ತವೆ, ನಿಧಾನಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತವೆ, ಮರಿಗಳಲ್ಲಿ ಬಹುಪಾಲು ಸಾಯುತ್ತವೆ. ಬೆಳೆದ ಒಂದು ಹೆಣ್ಣನ್ನು ಗುಂಡಿಯಿಂದ ತೆಗೆದರೆ ಹತ್ತಾರು ವರ್ಷದ ಮೊಟ್ಟೆಗಳನ್ನು ತೆಗೆದ ಹಾಗೆ. ಕಾಯಿದೆಯೂ ಇದೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ಕಾಡು ಪ್ರಾಣಿ, ಗಿಡಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ) ಸಭೆಯಲ್ಲಿ ಕೈನೋಸ್ಟರ್ನಾನ್ ಕುಲದ ಆಮೆಗಳನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಹಾಕಿದ್ದಾರೆ. ರಜೆಗೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬರೋಣ ಅಂದರೆ ವಿಮಾನ ನಿಲ್ದಾಣದಲ್ಲೇ ಕೇಸು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ, ಮಕ್ಕಳಿಗೆ ವಾಂತಿ ಭೇದಿ ಶುರುವಾಗುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವಂತಿಲ್ಲ. ಅಳಿಯ ಅವತ್ತು ಸೋಪು ಹಾಕಿ ಕೈ ತೊಳೆದಿದ್ದರೆ ಒಳ್ಳೆಯದಾಯಿತು.

ಊರಿಗೆ ಬಂದಾಗ ಅಂಗಡಿಯಿಂದ ಸ್ಲೈಡರ್ ಮರಿ ಕೊಡಿಸಿ ಸಮಾಧಾನ ಮಾಡೋಣ ಅಂತಲೂ ಯೋಚಿಸಬೇಡಿ. ರೂಪಾಯಿ ಬಿಲ್ಲೆಯಷ್ಟಿದ್ದದ್ದು ಊಟದ ತಟ್ಟೆಯಷ್ಟಾಗುತ್ತದೆ, ಆಮೇಲೆ ಜನ ಅದನ್ನು ತುಂಗೆಗೋ ಗಾಜನೂರು ಹಿನ್ನೀರಿಗೋ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಮಾಂಟೆಜುಮಾ ವೆಲ್‌ನಲ್ಲಿ ಆಗಿದ್ದು ಅದೇ. ನಮ್ಮ ಕೆರೆಯ ಆಮೆಗಳನ್ನು ಮನೆಯಲ್ಲಿಡುವುದೂ ವನ್ಯಜೀವಿ ಕಾಯಿದೆ ಪ್ರಕಾರ ತಪ್ಪು.

ಹುಡುಗನಿಗೆ ಬೇರೆ ಕೆಲಸ ಕೊಡಿ. ಮುಂದಿನ ಸಲ ಅದೇ ಕಣಿವೆಗೆ ಹೋದಾಗ ಆಮೆಯನ್ನು ಮುಟ್ಟದೆ, ದಡದಲ್ಲಿ ಕೂತು, ಪಕ್ಕದಿಂದ ಒಂದು, ಮೇಲಿನಿಂದ ಒಂದು, ಕತ್ತು ಚಾಚಿದಾಗ ಒಂದು ಫೋಟೋ ತೆಗೆಯಲಿ. ಗುಂಡಿಯಲ್ಲಿ ನೀರು ಎಷ್ಟಿದೆ, ಹರಿಯುತ್ತಿದೆಯಾ ನಿಂತಿದೆಯಾ, ಕ್ರೇಫಿಶ್ ಕಾಣುತ್ತದೆಯಾ ಅಂತ ತಾರೀಖು ಹಾಕಿ ಬರೆದಿಡಲಿ. ಕಂಡ ಪ್ರಾಣಿ, ಗಿಡಗಳ ಫೋಟೋ ಹಾಕಿ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಸಂಶೋಧಕರಿಗೂ ಉಪಯೋಗ. ಹಾಕುವಾಗ ಜಾಗದ ಗುರುತನ್ನು ಮಸುಕು ಮಾಡುವ ಆಯ್ಕೆ ಇರುತ್ತದೆ, ಅದನ್ನು ಮರೆಯದೆ ಒತ್ತಲಿ, ಯಾಕೆಂದರೆ ಆಮೆ ಕದ್ದು ಮಾರುವವರೂ ಅದೇ ಆ್ಯಪ್ ನೋಡುತ್ತಾರೆ. ನಿಮ್ಮ ತೋಟದ ಕೆರೆಯ ಆಮೆಯದ್ದೂ ಇಂಥದ್ದೇ ಮೂರು ಫೋಟೋ ಇದ್ದರೆ ಕಳಿಸಿ. ನೀವು ಕಪ್ಪು ಆಮೆ ಅಂದಿದ್ದೀರಿ, ಆದರೆ ಅಂಚಿನ ಬಿಲ್ಲೆ ಎಣಿಸದೆ ನಾನು ಒಪ್ಪುವುದಿಲ್ಲ.